ನನ್ನ ಹೊಂಡದ ಮುಳ್ಳುತಲೆ ಹುಳು

1991ರಲ್ಲಿ, ಏಳನೆಯ ತರಗತಿಯ ನಡುವೆ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಪ್ಪ ಮಲಪ್ರಭೆಯ ಹಿನ್ನೀರಿನಲ್ಲಿ ಬಲೆ ಬಿಡುತ್ತಿದ್ದ. ಬೆಳಗಿನ ಬಲೆ ಎಳೆದು, ಮೈಗೆ ಮೀನಿನ ವಾಸನೆ ಹೊತ್ತು ತರಗತಿಗೆ ಹೋದರೆ ಪಕ್ಕದವರು ಬೆಂಚಿನ ಇನ್ನೊಂದು ತುದಿಗೆ ಸರಿಯುತ್ತಿದ್ದರು. ಒಂದು ದಿನ ನಾನೇ ಸರಿದು ಹೊರಗೆ ಬಂದೆ. ಅದಾದ ಮೇಲೆ ಯಾವ ಮಾಸ್ತರನ ಹತ್ತಿರವೂ ಏನನ್ನೂ ಕೇಳಿಲ್ಲ. ಮೀನು ಕಟ್ಟಲು ತರುವ ಹಳೆಯ ಪತ್ರಿಕೆಗಳನ್ನು ಓದಿ ಓದಿಯೇ ಅಕ್ಷರ ಉಳಿಸಿಕೊಂಡೆ. ಉಳಿದದ್ದನ್ನೆಲ್ಲ ಕೈ ಕಲಿಸಿತು.

ಹಿನ್ನೀರಿನಲ್ಲಿ ಹತ್ತು ವರ್ಷ ಬಲೆ ಎಳೆದೆ. ಆಮೇಲೆ ಕಿತ್ತೂರಿನ ಹೆದ್ದಾರಿಯ ಬದಿಯಲ್ಲಿ ನಿಂತು, ಕರಾವಳಿಯಿಂದ ಬರುವ ಗಾಡಿಗಳಿಂದ ಬಂಗಡೆ, ತಾರ್ಲೆಯ ಡಬ್ಬಿಗಳನ್ನು ಇಳಿಸಿಕೊಂಡು ಬೈಲಹೊಂಗಲ, ರಾಮದುರ್ಗದ ಸಂತೆಗಳಲ್ಲಿ ಮಾರಿದೆ. ಕೊನೆಗೆ ಸವದತ್ತಿಯಲ್ಲಿ ಮೀನು ಮಾರುವ ಸ್ವಂತ ಕಟ್ಟೆ ಹಾಕಿದೆ. ಮುನವಳ್ಳಿಯ ಕಡೆಗಿರುವ ನಮ್ಮ ತುಂಡು ಹೊಲದಲ್ಲಿ ಹೊಂಡ ತೋಡಿಸಿ, ಪ್ಲಾಸ್ಟಿಕ್ ಹಾಳೆ ಹಾಸಿ, ಮೀನು ಮರಿ ಬಿಟ್ಟೆ. ಜಿಲೇಬಿ ಮೀನು, ರೋಹು, ಜೊತೆಗೆ ಹಾವಿನಂಥ ತಲೆಯ ಮರಳ ಮೀನು. ಮರಳ ಎಂದರೆ ನಮ್ಮ ಕಡೆ ಬಾಣಂತಿಯರಿಗೆ, ಜ್ವರದಿಂದ ಎದ್ದವರಿಗೆ ಹುಡುಕಿಕೊಂಡು ಬಂದು ಒಯ್ಯುವ ಮೀನು.

ಹೊಂಡ ತೋಡಿಸಲು ಒಂದು ಕಾರಣವಿತ್ತು. ಕಿತ್ತೂರಿನಲ್ಲಿದ್ದಾಗ ಗಿರಾಕಿಯೊಬ್ಬ ಬಂಗಡೆಯ ಹೊಟ್ಟೆಯಲ್ಲಿ ಸುರುಳಿ ಸುತ್ತಿಕೊಂಡಿದ್ದ ಬಿಳಿ ಹುಳು ಕಂಡು, ಮೀನನ್ನು ನನ್ನ ಎದೆಯ ಮೇಲೆ ಒಗೆದು ಹೋಗಿದ್ದ. ಅವತ್ತು ನಾನು ಒಂದು ತೀರ್ಮಾನಕ್ಕೆ ಬಂದೆ. ಹುಳು ಇರುವುದು ಸಮುದ್ರದ ಮೀನಿನಲ್ಲಿ, ಊರೂರಿನ ಕೊಳೆ ಬಂದು ಸೇರುವ ನದಿಯ ಮೀನಿನಲ್ಲಿ. ನಾನೇ ನೀರು ಬಿಟ್ಟು, ನಾನೇ ಸಾಕಿದ್ದರಲ್ಲಿ ಹುಳು ಬರುವುದು ಎಲ್ಲಿಂದ? ಕಟ್ಟೆಯ ಮೇಲೆ ತಗಡಿನ ಹಲಗೆ ತೂಗಿಬಿಟ್ಟು ನನ್ನ ಕೈಯಾರೆ ಬರೆದೆ: ‘ಹುಳವಿಲ್ಲದ ಹೊಂಡದ ಮೀನು.’

ನಾನು ಮೀನು ಹಸನು ಮಾಡುವುದನ್ನು ನೋಡಲು ದಾರಿಹೋಕರು ನಿಲ್ಲುತ್ತಿದ್ದರು. ಹೊಟ್ಟೆಗೆ ಒಂದು ಗೀಟು, ಹೆಬ್ಬೆರಳು ಒಳಗೆ, ಒಂದೇ ಎಳೆತಕ್ಕೆ ಕರುಳೆಲ್ಲ ಹೊರಗೆ, ಬಕೀಟಿಗೆ. ಕಣ್ಣು ಗಿರಾಕಿಯ ಮೇಲೆ, ಬಾಯಿ ಮಾತಿನಲ್ಲಿ, ಕೈ ತನ್ನ ಪಾಡಿಗೆ. ಉಳಿದ ಮೀನಿನವರು ಕರುಳನ್ನು ಗಟಾರಕ್ಕೆ ಚೆಲ್ಲಿ ಬೈಸಿಕೊಳ್ಳುತ್ತಿದ್ದರು. ನನ್ನ ಕಟ್ಟೆಯ ಸುತ್ತ ಒಂದು ನಾಯಿ ಸುಳಿಯುತ್ತಿರಲಿಲ್ಲ, ಒಂದು ನೊಣ ಹೆಚ್ಚಿಗೆ ಕೂಡುತ್ತಿರಲಿಲ್ಲ. ಆ ಬಕೀಟನ್ನು ಸಂಜೆ ಬೈಕಿಗೆ ಕಟ್ಟಿಕೊಂಡು ಹೊಂಡಕ್ಕೆ ಒಯ್ಯುತ್ತಿದ್ದೆ. ಹೊಂಡದ್ದು ಸಾಲದ ದಿನ ಮಾರಲು ಹಿನ್ನೀರಿನವರಿಂದ ಕೊಂಡ ಮೀನಿನ ಕರುಳು, ಸಮುದ್ರದ ಮೀನಿನ ಕರುಳು, ಹೊಂಡದ್ದೇ ಮೀನಿನ ಕರುಳು, ಎಲ್ಲ ಅದರಲ್ಲೇ. ದಂಡೆಯ ಮೇಲೆ ನಿಂತು ಸುರಿದರೆ ನೀರು ಕುದಿ ಬಂದಂತೆ ಏಳುತ್ತಿತ್ತು. ಬಕೀಟು ತೊಳೆದ ನೀರನ್ನೂ ಹೊಂಡಕ್ಕೇ ಚೆಲ್ಲುತ್ತಿದ್ದೆ. ನನ್ನ ವ್ಯವಹಾರದಲ್ಲಿ ಕಸ ಎನ್ನುವುದೇ ಇಲ್ಲ ಎಂದು ಕಂಡವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದೆ.

ಎರಡು ವರ್ಷದ ಹಿಂದೆ, ಚಳಿ ಇಳಿಯುವ ಹೊತ್ತಿನಲ್ಲಿ, ಪೇಟೆಯವರೆಲ್ಲ ಆಯಿ ಎಂದು ಕರೆಯುವ ಒಬ್ಬ ಅಜ್ಜಿ ಕಟ್ಟೆಗೆ ಬಂದಳು. ಎಪ್ಪತ್ತು ದಾಟಿದ್ದಾಳೆ. ಮೊಮ್ಮಗ ಹುಟ್ಟಿ ಹದಿನೈದು ದಿನವಾಗಿತ್ತು, ಬಾಣಂತಿ ಸೊಸೆಗೆ ವಾರಕ್ಕೆರಡು ಸಲ ಮರಳ ಒಯ್ಯುತ್ತಿದ್ದಳು. ಅವತ್ತು ನಾನು ಚಾಕು ಎತ್ತುವಷ್ಟರಲ್ಲಿ ಕೈ ಅಡ್ಡ ಹಿಡಿದಳು.

“ಕೊಯ್ಯಬ್ಯಾಡ. ಇಡೀದು ಕೊಡು. ಮನ್ಯಾಗ ನಾನ ಕೊಯ್ಕೋತೇನಿ.”

“ಯಾಕ ಆಯಿ, ನನ್ನ ಕೈ ಮ್ಯಾಲೆ ನಂಬಿಗಿ ಹೋತೇನು?”

“ಕೈ ಮ್ಯಾಲೆ ಐತಿ, ಬಕೀಟಿನ ಮ್ಯಾಲೆ ಇಲ್ಲ. ಕುರೀ ಬೋಟಿ ತೊಳದು ತಿಂತೀವಿ. ಮೀನಿಂದು ಮಾತ್ರ ನಿನ್ನ ಬಕೀಟಿಗೆ ಯಾಕ ಬಿಡಬೇಕು? ರೊಕ್ಕ ಇಡೀ ಮೀನಿಂದು ತಗೋತಿ.”

“ಅದು ನನ್ನ ಮೀನಿನ ಊಟ ಆಯಿ.”

“ನಿನ್ನ ಮೀನಿಗೆ ನಾ ಊಟಕ್ಕ ಹಾಕಬೇಕೇನು? ಹಾಕು ಚೀಲಕ್ಕ.”

ನಿಂತವರು ನಕ್ಕರು. ನಾನೂ ನಕ್ಕು ಎರಡು ಮರಳ ಹಾಕಿಕೊಟ್ಟೆ. ಒಂದು ಹಿಡಿ ಕರುಳು ಹೋಯಿತಲ್ಲ ಎಂದು ಒಳಗೊಳಗೆ ಕಿರಿಕಿರಿಯಾದದ್ದು ಈಗಲೂ ನೆನಪಿದೆ.

ಮರುದಿನ ಬೆಳಿಗ್ಗೆ, ಗಿರಾಕಿ ತುಂಬಿದ ಹೊತ್ತಿನಲ್ಲೇ, ಆಯಿ ಸ್ಟೀಲಿನ ಡಬ್ಬಿ ಹಿಡಿದುಕೊಂಡು ಬಂದಳು. ಜನರನ್ನು ಸರಿಸಿ ಡಬ್ಬಿಯನ್ನು ನನ್ನ ಕೊಯ್ಯುವ ಹಲಗೆಯ ಮೇಲಿಟ್ಟು ಮುಚ್ಚಳ ತೆಗೆದಳು. ಬೆರಳೆತ್ತರ ನೀರು. ಅದರಲ್ಲಿ ಬಿಳಿ ಎಳೆಗಳು.

“ಏನಪಾ ತಮ್ಮಾ, ಮೀನಿನ ಹೊಟ್ಟ್ಯಾಗ ಶಾವಿಗಿ ತುಂಬಿ ಮಾರಾಕ ಹತ್ತಿಯೇನು? ಹದಿನಾಕು ಅದಾವು. ಎಣಿಸೇನಿ.”

ಕುರಿಯ ಬೋಟಿಯಂತೆಯೇ ಕರುಳನ್ನು ಉದ್ದಕ್ಕೆ ಸೀಳಿ, ಒಳಗಿನದನ್ನು ಹೊರಗೆ ಮಾಡಿ ತೊಳೆಯಲು ಹೋಗಿದ್ದಳು. ಆಗ ಸಿಕ್ಕವು. ನಾನು ಡಬ್ಬಿಯೊಳಗೆ ಬಗ್ಗಿ ನೋಡಿದೆ. ಮೂವತ್ತು ವರ್ಷಕ್ಕೂ ಮೇಲೆ ಮೀನು ಕೊಯ್ದವನು ನಾನು. ಅಂಥದ್ದನ್ನು ಕಂಡೇ ಇರಲಿಲ್ಲ. ಹಾಗಾಗಿ ಅದು ನನ್ನದಲ್ಲ ಎಂದುಕೊಂಡೆ. ತಲೆಯ ಮೇಲೆ ತಗಡಿನ ಹಲಗೆ ತೂಗುತ್ತಿತ್ತು, ಎಂಟು ಹತ್ತು ಜನ ನನ್ನ ಬಾಯಿ ನೋಡುತ್ತಿದ್ದರು.

“ಆಯಿ, ಇದು ನನ್ನ ಹೊಂಡದ ಮೀನಿಂದಲ್ಲ. ಮನ್ಯಾಗ ಸೊಸಿ ಶಾವಿಗಿ ಪಾಯಸ ಮಾಡಿದ್ಲೇನ ನೋಡು. ಕಣ್ಣ ಮಂದ ಆಗ್ಯಾವು, ಅದನ್ನ ತುಂಬಕೊಂಡ ಬಂದೀ.”

ಈ ಸಲ ಜನ ಆಕೆಯನ್ನು ನೋಡಿ ನಕ್ಕರು. ಆಯಿ ಬೈಯಲಿಲ್ಲ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ, ಮೀನಖಂಡದ ಪಕ್ಕದಲ್ಲಿದ್ದ ಕಲೆಯನ್ನು ತೋರಿಸಿದಳು. ಸುಕ್ಕುಗಟ್ಟಿದ, ಹುಣಸೆಬೀಜದಷ್ಟು ಗುಳಿ.

“ನಾ ಸಿರಸಂಗಿ ಕಡಿಯಾಕಿ. ಸಣ್ಣಾಕಿದ್ದಾಗ ಭಾಂವಿ ನೀರ ಕುಡದು ನಾರುಹುಣ್ಣ ಆಗಿತ್ತು. ಇಲ್ಲಿಂದ ಮಾರುದ್ದ ಹುಳ ಹೊರಗ ಬಂತು. ಕಡ್ಡಿಗಿ ಸುತ್ತಿ ಸುತ್ತಿ, ದಿನಾ ಇಷ್ಟಿಷ್ಟ ಎಳದ್ರು. ನನಗ ಹುಳ ಅಂದ್ರ ಚ್ಯಾಷ್ಟಿ ಅಲ್ಲ ತಮ್ಮಾ. ಹೆತ್ತಾಕಿಗೆ ಏನ ತಿನಿಸೇನಿ ಅನ್ನೂದು ನನಗ ಗೊತ್ತಾಗಬೇಕು.”

ನಕ್ಕವರು ಕಲೆಯತ್ತ ಬಗ್ಗಿ ನೋಡಿದರು. ನಾನು ಮಾತ್ರ ಅದೇ ಮಾತನ್ನು ಮತ್ತೊಮ್ಮೆ ಹೇಳಿದೆ. “ನನ್ನ ಹೊಂಡದ್ದಲ್ಲ.”

“ಆತು. ಡಬ್ಬಿ ನಿನ್ನ ಕಡೇನ ಇರ್ಲಿ. ಖರೇ ಯಾವದು ಅಂತ ತಿಳದ ದಿನ ತಂದ ಕೊಡು,” ಎಂದು ಹೇಳಿ ಹೋದಳು.

ಕಟ್ಟೆ ಬರಿದಾದ ಮೇಲೆ ಮತ್ತೆ ಮುಚ್ಚಳ ತೆಗೆದೆ. ಒಂದು ಎಳೆಯ ತುದಿ ಉಬ್ಬಿತು. ಉಬ್ಬಿದ ಜಾಗದಿಂದ ಸಣ್ಣ ಮೊಳಕೆಯಂಥದ್ದು ಹೊರಗೆ ಬಂತು, ಮತ್ತೆ ಒಳಗೆ ಹೋಯಿತು. ಶಾವಿಗೆ ಹಾಗೆ ಮಾಡುವುದಿಲ್ಲ.

ಮಧ್ಯಾಹ್ನವೇ ಕಟ್ಟೆ ಮುಚ್ಚಿ ಹೊಂಡಕ್ಕೆ ಹೋದೆ. ಬಲೆ ಬೀಸಿ ಎರಡು ಮರಳ, ಮೂರು ಜಿಲೇಬಿ ತೆಗೆದೆ. ಹೆಂಡತಿ ಹೊಲದ ಮನೆಯಿಂದ ಬಟ್ಟೆ ಕತ್ತರಿಸುವ ಕತ್ತರಿಯನ್ನು ತಂದು ಕೊಟ್ಟು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ನಾನು ಜನ್ಮದಲ್ಲಿ ಮೊದಲ ಸಲ ಒಂದು ಮೀನಿನ ಕರುಳನ್ನು ಉದ್ದಕ್ಕೆ ಸೀಳಿದೆ.

ಮೊದಲ ಮರಳದಲ್ಲಿ ಒಂಬತ್ತು. ಎರಡನೆಯದರಲ್ಲಿ ಎಣಿಕೆ ತಪ್ಪಿತು. ಕರುಳಿನ ಒಳಗೋಡೆಗೆ ಒಂದರ ಪಕ್ಕ ಒಂದು ಕಚ್ಚಿಕೊಂಡಿದ್ದವು, ಚಾಪೆಯ ಎಳೆ ಬಿಟ್ಟಂತೆ. ಉಗುರಿನಿಂದ ಒಂದನ್ನು ಎಳೆದೆ. ಬರಲಿಲ್ಲ. ಜೋರಾಗಿ ಎಳೆದೆ. ಮೈ ಹರಿದು ಕೈಗೆ ಬಂತು, ತಲೆ ಅಲ್ಲೇ ಉಳಿಯಿತು. ಅದು ನೆಟ್ಟಿದ್ದ ಜಾಗದಲ್ಲಿ ಕರುಳು ಕೆಂಪಾಗಿ, ಸಾಸಿವೆ ಕಾಳಿನಂತೆ ಗಂಟುಗಟ್ಟಿತ್ತು. ಜಿಲೇಬಿಯಲ್ಲೂ ಇದ್ದವು, ಸಣ್ಣವು.

“ನಾ ಎಷ್ಟ ಸಲ ಹೇಳೇನಿ,” ಎಂದಳು ಹೆಂಡತಿ. “ಮೀನ ಸೊರಗ್ಯಾವು, ತಲಿ ಅಷ್ಟ ದಪ್ಪ ಕಾಣತಾವು ಅಂತ. ಥಂಡಿಗೆ ಹಂಗ ಆಗತಾವು ಅಂದ್ರಿ.”

“ಥಂಡಿಗೇ ಅಂತ ತಿಳದಿದ್ದೆ.”

“ನಿಮಗ ತಿಳೀಲಾರದ್ದೂ ಇರತೈತಿ ಅನ್ನೂದು ನನಗೂ ಇವತ್ತ ಗೊತ್ತಾತು.”

ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದೆ. ದಿನಕ್ಕೆ ನಲವತ್ತು ಐವತ್ತು ಸಲ ಈ ಬೆರಳು ಇವುಗಳ ಮೇಲೆ ಹಾದುಹೋಗಿತ್ತು. ಕರುಳಿನ ತೆಳು ತೊಗಲಿನ ಆಚೆ ಅವು, ಈಚೆ ನಾನು. ಬಂಗಡೆಯ ಹುಳು ಕರುಳಿನ ಹೊರಗೆ, ಹೊಟ್ಟೆಯಲ್ಲೇ ಸುತ್ತಿಕೊಂಡಿದ್ದಕ್ಕೆ ಕಂಡಿತ್ತು. ಇವು ಕರುಳಿನ ಒಳಗಿದ್ದವು. ಕೈ ಚುರುಕಾಗಿದ್ದಷ್ಟೂ ನೋಡುವುದು ಕಡಿಮೆಯಾಗಿತ್ತು.

ಮರುದಿನ ಆಯಿಯ ಡಬ್ಬಿಯನ್ನು ಬೈಕಿನ ಚೀಲದಲ್ಲಿಟ್ಟುಕೊಂಡು ಬೈಲಹೊಂಗಲಕ್ಕೆ ಹೋದೆ. ಅಲ್ಲಿನ ಕಾಲೇಜೊಂದರಲ್ಲಿ ಪ್ರಾಣಿಗಳ ಬಗ್ಗೆ ಪಾಠ ಮಾಡುವವರಿದ್ದಾರೆ ಎಂದು ಗಿರಾಕಿಯೊಬ್ಬ ಹಿಂದೆ ಹೇಳಿದ್ದ. ಗೇಟಿನ ಮುಂದೆ ಬೈಕ್ ನಿಲ್ಲಿಸಿದವನು ಒಳಗೆ ಹೋಗಲಾಗದೆ ಸುಮಾರು ಹೊತ್ತು ನಿಂತೆ. ಶಾಲೆ ಬಿಟ್ಟ ದಿನದಿಂದ ಅಂಥ ಗೇಟು ದಾಟಿರಲಿಲ್ಲ. ಕಾವಲುಗಾರನೇ ಬಂದು ಕೇಳಿದ.

“ಮಗಳ ಅಡ್ಮಿಶನ್ ಏನ್ರಿ?”

“ಅಲ್ರಿ. ಹುಳ ತೋರಸಾಕ ಬಂದೇನಿ.”

ಅವನು ನನ್ನ ಮುಖ ನೋಡಿದ, ಚೀಲ ನೋಡಿದ, ದೂರದ ಕಟ್ಟಡದತ್ತ ಬೆರಳು ತೋರಿಸಿದ.

ಪ್ರಯೋಗಶಾಲೆಯಲ್ಲಿದ್ದ ಮೇಡಮ್ಮು ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರು, ಅಷ್ಟೇ. ಡಬ್ಬಿ ತೆರೆದು ನೋಡಿ ಮುಖ ಸಿಂಡರಿಸಲಿಲ್ಲ, ಅವರ ಕಣ್ಣು ಅರಳಿತು. ಒಂದು ಹುಳುವನ್ನು ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕ ಸರಿಮಾಡಿ, “ಬರ್ರಿ ಕಾಕಾ, ಒಂದ ಕಣ್ಣ ಮುಚ್ಚಿ ನೋಡ್ರಿ,” ಎಂದರು.

ನೋಡಿದೆ. ನಾನು ಹಿನ್ನೀರಿನಲ್ಲಿ ಸತ್ತವರನ್ನು ಎತ್ತಿದವನು. ಮೊಸಳೆಯ ಬಾಯಿಂದ ಬಲೆ ಬಿಡಿಸಿಕೊಂಡವನು. ಆದರೂ ಕುರ್ಚಿಯಿಂದ ಎದ್ದು ಹಿಂದೆ ಸರಿದೆ. ಬಿಳಿ ಕೊಳವೆಯೊಂದರ ತುದಿಯಿಂದ, ಒಳಸೇರಿದ ಅಂಗಿಯ ತೋಳನ್ನು ಹೊರಗೆ ತಿರುವಿದಂತೆ, ತಲೆ ಹೊರಳಿ ಬರುತ್ತಿತ್ತು. ತಲೆಯ ಸುತ್ತ ಸಾಲು ಸಾಲು ಕೊಕ್ಕೆಗಳು. ಎಲ್ಲವೂ ಹಿಂದಕ್ಕೆ ಬಾಗಿದ್ದವು. ನಾನು ಕಟ್ಟುವ ಗಾಳಗಳೂ ಹಾಗೆಯೇ ಬಾಗಿರುತ್ತವೆ, ಹೊಕ್ಕರೆ ಹೊರಗೆ ಬರಬಾರದೆಂದು. ಆದರೆ ಅಷ್ಟು ನೀಟಾಗಿ ಯಾವ ಕಮ್ಮಾರನೂ ಬಡಿದಿರಲಾರ.

“ಮುಳ್ಳುತಲೆ ಹುಳ ಅಂತೀವ್ರಿ ಇದಕ್ಕ. ಸಮುದ್ರದ ಮೀನಿನ್ಯಾಗೂ ಒಂದ ಜಾತಿ ಇರತಾವು, ಸಿಹಿನೀರಿನ ಮೀನಿನ್ಯಾಗೂ ಇರತಾವು. ಇದಕ್ಕ ಬಾಯಿ ಇಲ್ಲ, ಗೊತ್ತದ ಏನ್ರಿ?”

“ಬಾಯಿ ಇಲ್ಲಂದ್ರ ತಿನ್ನೂದು ಹೆಂಗ್ರಿ?”

“ತಿನ್ನಂಗಿಲ್ರಿ. ಹೊಟ್ಟೀನೂ ಇಲ್ಲ, ಕರುಳೂ ಇಲ್ಲ. ಮೀನ ತಿಂದು ಕರಗಿಸಿದ್ದನ್ನ ಮೈ ತೊಗಲಿನಿಂದ ಹೀರಕೋತ ಕುಂಡ್ರತೈತಿ.”

ಬಾಯಿಯೇ ಇಲ್ಲದ ಜೀವ. ದುಡಿಯದೆ ತಿನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಅವರಿಗೂ ಅಗಿಯುವ ಕೆಲಸವಾದರೂ ಇರುತ್ತದೆ. ಇದು ಮತ್ತೊಬ್ಬರ ಹೊಟ್ಟೆಯಲ್ಲಿ ಗಾಳ ಹಾಕಿಕೊಂಡು ತೊಗಲು ಒದ್ದೆ ಮಾಡಿಕೊಂಡೇ ಬದುಕುತ್ತದೆ ಎನ್ನುವುದನ್ನು ನಂಬಲು ನನಗೆ ಹೊತ್ತು ಹಿಡಿಯಿತು.

ಆಯಿಯ ನಾರುಹುಣ್ಣಿನ, ಬಾಣಂತಿ ಸೊಸೆಯ ವಿಷಯ ಹೇಳಿ, ಆಕೆಯ ಪ್ರಶ್ನೆಯನ್ನು ಕೇಳಿದೆ. ತಿಂದವರಿಗೆ ಏನಾದೀತು?

“ಕರುಳ ತಗದು, ಚಲೋತಂಗ ಬೇಯಿಸಿ ತಿಂದ್ರ ಏನೂ ಆಗೂದಿಲ್ರಿ. ಹಸೀದು, ಅರೆಬೆಂದದ್ದು ತಿನ್ನಬಾರದು, ಅಷ್ಟ. ಬಾಣಂತಿ ಬಗ್ಗೆ ಕಾಳಜಿ ಬ್ಯಾಡ.”

ಎದೆಯಿಂದ ಒಂದು ಕಲ್ಲು ಇಳಿಯಿತು. ಅದು ಪೂರ್ತಿ ಇಳಿಯುವ ಮೊದಲೇ ಅವರು ಮುಂದಿನದನ್ನು ಕೇಳಿದರು.

“ಹೊಂಡಕ್ಕ ಹೊರಗಿನ ದೊಡ್ಡ ಮೀನ ತಂದ ಬಿಟ್ಟಿದ್ರೇನು?”

“ಇಲ್ರಿ. ಮರಿ ತಂದ ಸಾಕೇನಿ.”

“ನದಿ ನೀರ ಬಿಡತೀರೇನು?”

“ಬೋರ್ ನೀರು.”

“ಮತ್ತ ಇದು ಎಲ್ಲಿಂದ ಬಂತು?” ಎಂದು ಅವರು ತಮ್ಮಷ್ಟಕ್ಕೇ ಎಂಬಂತೆ ಹೇಳಿ, ಸುಮ್ಮನೆ ಕೇಳುವ ದನಿಯಲ್ಲಿ, “ಕೊಯ್ದ ಮೀನಿನ ಕರುಳೆಲ್ಲ ಏನ ಮಾಡತೀರಿ ಕಾಕಾ?” ಎಂದರು.

ನಾನು ಎದೆ ಸೆಟೆಸಿಯೇ ಹೇಳಿದೆ. ಒಬ್ಬ ಓದಿದವರ ಮುಂದೆ ಹೇಳಿಕೊಳ್ಳಲು ನನ್ನಲ್ಲಿ ಅದೊಂದಿತ್ತು. “ಒಂದ ಎಳೀನೂ ಚೆಲ್ಲಂಗಿಲ್ರಿ. ಹಿನ್ನೀರಿನ ಮೀನಿಂದು, ಹೊಂಡದ ಮೀನಿಂದು, ಎಲ್ಲಾ ಹೊಂಡಕ್ಕ ಹಾಕತೇನಿ. ಎಂಟ ವರ್ಷ ಆತು.”

ಅವರು ಪೆನ್ನು ಎತ್ತಿಕೊಂಡರು. ಒಂದು ಹಾಳೆ ತೆಗೆದುಕೊಂಡು ಚಿತ್ರ ಬರೆದರು. ಮೊದಲು ಒಂದು ಮೀನು, ಅದರ ಕರುಳಿನಲ್ಲಿ ಹುಳು. ಹುಳುವಿನಿಂದ ತತ್ತಿ. ತತ್ತಿ ನೀರಿಗೆ. ನೀರಿನಲ್ಲಿ ಕುಪ್ಪಳಿಸುವ, ಸುಣ್ಣದ ಚುಕ್ಕಿಯಷ್ಟೇ ಇರುವ ಪ್ರಾಣಿಗಳು ಆ ತತ್ತಿಯನ್ನು ತಿನ್ನುತ್ತವೆ. ಆ ಚುಕ್ಕಿಗಳನ್ನು ಸಣ್ಣ ಮೀನು ತಿನ್ನುತ್ತದೆ, ಸಣ್ಣ ಮೀನನ್ನು ಮರಳ ತಿನ್ನುತ್ತದೆ. ಆಮೇಲೆ ಮರಳದಿಂದ ಮೊದಲಿನ ಮೀನಿಗೆ ಬಾಣದ ಗುರುತು ಎಳೆದು ಸುತ್ತು ಮುಗಿಸಿದರು. ಸಮುದ್ರದ ಹುಳು ಸಿಹಿನೀರಿನ ಹೊಂಡದಲ್ಲಿ ನೆಲೆ ನಿಲ್ಲುವುದು ಕಷ್ಟ, ಹಿನ್ನೀರಿನ ಮರಳದ ಕರುಳಿನಿಂದ ಇದು ಬಂದಿರಬೇಕು ಎಂದರು. ಆಯಿಯ ನಾರುಹುಳವನ್ನು ಬಾವಿಯ ನೀರಿನಲ್ಲಿ ಹೊತ್ತು ತಂದದ್ದೂ ಇಂಥದ್ದೇ ಒಂದು ಚುಕ್ಕಿ ಎಂದೂ ಹೇಳಿದರು.

“ಹಂಗಾರ ಹುಳ ಹೊಂಡಕ್ಕ ಬಂದದ್ದು...”

“ಬಕೀಟಿನ್ಯಾಗ್ರಿ.”

ಆ ಹಾಳೆಯಲ್ಲಿ ಅವರು ನನ್ನನ್ನು ಬರೆದಿರಲಿಲ್ಲ. ಆದರೆ ಬಾಣದ ಗುರುತೊಂದರ ಬದಿಯಲ್ಲಿ ನಾನು ನಿಂತಿದ್ದೆ, ಕೈಯಲ್ಲಿ ಬಕೀಟು ಹಿಡಿದು. ಎಂಟು ವರ್ಷ, ಒಂದು ಸಂಜೆಯೂ ತಪ್ಪದೆ, ಮಳೆಯಲ್ಲೂ ಜ್ವರದಲ್ಲೂ ಹೋಗಿ ಹುಳುವಿನ ತತ್ತಿ ಬಿತ್ತಿ ಬಂದಿದ್ದೆ. ಸೋಮಾರಿ ಮೀನುಗಾರನೊಬ್ಬ ಗಟಾರಕ್ಕೆ ಚೆಲ್ಲಿದ್ದರೆ ಅವನ ಮೀನು ನೆಟ್ಟಗಿರುತ್ತಿತ್ತು. ನನ್ನ ಮೀನನ್ನು ನನ್ನ ದುಡಿಮೆಯೇ ಕೆಡಿಸಿತ್ತು. ಅವರು ಕೊಟ್ಟ ನೀರನ್ನು ಕುಡಿಯುವ ಮೊದಲು ಲೋಟದೊಳಗೆ ಬಗ್ಗಿ ನೋಡಿದೆ. ಅವರು ನಗು ತಡೆದುಕೊಂಡರು.

ಮೂರು ಹುಳುಗಳನ್ನು ಕಾಲೇಜಿಗೆ ಇಟ್ಟುಕೊಂಡು, ಉಳಿದ ಹನ್ನೊಂದನ್ನು ಔಷಧದ ನೀರಿರುವ ಶೀಶೆಗೆ ಹಾಕಿಕೊಟ್ಟರು. ಹೊಂಡ ಬತ್ತಿಸಬೇಕು, ಸುಣ್ಣ ಹೊಡೆಯಬೇಕು, ತಳದ ಕೆಸರು ಬಿರಿಯುವವರೆಗೆ ಒಣಗಿಸಬೇಕು ಎಂದರು. ಹಾಳೆಯನ್ನೂ ಮಡಚಿ ಕೊಟ್ಟರು.

ದಾರಿಯುದ್ದಕ್ಕೂ ಒಂದೇ ಲೆಕ್ಕ ತಲೆಯಲ್ಲಿ. ಹೊಂಡವನ್ನು ಸದ್ದಿಲ್ಲದೆ ಬತ್ತಿಸಿಬಿಡಬಹುದು. ಹೊಂಡದ ಪ್ಲಾಸ್ಟಿಕ್ ಹಾಳೆ ಹರಿದಿತ್ತು ಎಂದರೆ ಆಯಿತು, ಯಾರಿಗೆ ತಿಳಿಯುತ್ತದೆ? ಆಯಿಯ ಮಾತನ್ನು ನಗೆ ಮಾಡಿ ಆಗಿತ್ತು, ಜನ ಮರೆತಿರುತ್ತಾರೆ. ನನ್ನ ಹೆಸರು ಉಳಿಯುತ್ತದೆ. ಆದರೆ ಚೀಲದಲ್ಲಿ ತೊಳೆದ ಡಬ್ಬಿ ಶೀಶೆಗೆ ತಾಗಿ ಪ್ರತಿ ಗುಂಡಿಗೂ ಸದ್ದು ಮಾಡುತ್ತಿತ್ತು.

ನೇರ ಆಯಿಯ ಮನೆಗೇ ಹೋದೆ. ಹೊಸ್ತಿಲಲ್ಲಿ ಕೂತು ಕಾಳು ಹಸನು ಮಾಡುತ್ತಿದ್ದಳು. ಡಬ್ಬಿ ಕಂಡು ಮೊರ ಕೆಳಗಿಟ್ಟಳು. ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು.

“ಸೊಸಿಗೆ ಏನಾರ ಆಗತೈತೇನು?”

“ಏನೂ ಆಗೂದಿಲ್ಲ ಆಯಿ. ಬೇಯಿಸಿದ್ದು ತಿಂದ್ರ ಏನೂ ಆಗೂದಿಲ್ಲಂತ. ಕಲತವರನ್ನ ಕೇಳಕೊಂಡ ಬಂದೇನಿ.”

ಆಕೆ ಕಣ್ಣು ಮುಚ್ಚಿ ತೆರೆದಳು. ಒಳಗಿನಿಂದ ಬಾಣಂತಿಯ ದನಿ ಬಂತು. “ಹಂಗಾರ ಇನ್ನಾರ ಮೀನ ಮಾಡ್ರಿ ಅತ್ತಿ. ನಿನ್ನಿಯಿಂದ ಬರೇ ಬ್ಯಾಳಿ ಕಟ್ಟ ಕುಡದು ಸಾಕಾಗೇತಿ.”

“ಹುಳ ನನ್ನ ಹೊಂಡದ್ವ ಆಯಿ,” ಎಂದೆ. “ನೀ ಹೇಳಿದ್ದು ಖರೇ.”

“ಇಲ್ಲಿ ಹೇಳಿದ್ರ ಏನ ಬಂತು? ಇಲ್ಲಿ ನನ್ನ ನೋಡಿ ಯಾರೂ ನಕ್ಕಿದ್ದಿಲ್ಲ.”

ಅಷ್ಟೇ ಹೇಳಿ ಡಬ್ಬಿ ತೆಗೆದುಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ, ಅದೇ ಗಿರಾಕಿ ತುಂಬುವ ಹೊತ್ತಿನಲ್ಲಿ, ತಗಡಿನ ಹಲಗೆಯನ್ನು ಕೆಳಗಿಳಿಸಿದೆ. ಶೀಶೆಯನ್ನು ಕೊಯ್ಯುವ ಹಲಗೆಯ ಮೇಲಿಟ್ಟೆ. ಹುಳು ನನ್ನ ಹೊಂಡದ್ದೇ ಎಂದೆ. ಆಯಿ ತಂದದ್ದು ಶಾವಿಗೆ ಅಲ್ಲ, ನಾನು ಅಂದದ್ದು ಸುಳ್ಳು ಎಂದೆ. ಕರುಳಿನ ಬಕೀಟಿನಿಂದ ನಾನೇ ಅದನ್ನು ಬೆಳೆಸಿದೆ ಎಂದೆ. ಬೇಯಿಸಿ ತಿಂದವರಿಗೆ ತೊಂದರೆಯಿಲ್ಲ ಎಂದೂ ಹೇಳಿದೆ, ಆದರೆ ಅಷ್ಟು ಹೊತ್ತಿಗೆ ಅರ್ಧ ಜನ ಕೇಳುತ್ತಿರಲಿಲ್ಲ.

“ಇಷ್ಟ ವರ್ಷ ನಮಗ ಹುಳದ ಮೀನ ತಿನಿಸಿಯಲ್ಲೋ,” ಎಂದ ಒಬ್ಬ ಹಳೆಯ ಗಿರಾಕಿ.

“ಹೌದು,” ಎಂದೆ. ಅವನು ಚೀಲ ಮಡಚಿಕೊಂಡು ಹೋದ. ಮತ್ತೆ ಬಂದಿಲ್ಲ.

ಹಿಂದೆ ಯಾರೋ ಸರಿದು ದಾರಿ ಬಿಟ್ಟರು. ಆಯಿ ಯಾವಾಗ ಬಂದು ನಿಂತಿದ್ದಳೋ ಗೊತ್ತಿಲ್ಲ. ಮುಂದೆ ಬಂದು ಚೀಲ ಬಿಚ್ಚಿದಳು.

“ಹಿನ್ನೀರಿಂದು ರೋಹು ಐತೇನು?”

“ಐತಿ ಆಯಿ.”

“ಕೊಯ್ಯಿ. ಕರುಳ ಸೀಳು. ಅವಸರ ಮಾಡಬ್ಯಾಡ, ನನ್ನ ಕಣ್ಣ ಮಂದ ಆಗ್ಯಾವು.”

ಜನ ನಕ್ಕರು. ನಾನು ಕತ್ತರಿ ತೆಗೆದುಕೊಂಡು ಕರುಳನ್ನು ತುದಿಯಿಂದ ತುದಿಗೆ ಸೀಳಿ ನೀರಿನಲ್ಲಿ ಬಿಡಿಸಿ ತೋರಿಸಿದೆ. ಎರಡು ಹುಳು ಇದ್ದವು. ಬೆರಳಿನಿಂದ ತೋರಿಸಿದೆ. ಆಯಿ ಬಗ್ಗಿ ನೋಡಿ, “ಹೂಂ, ಈಗ ನಿನ್ನ ಕಣ್ಣ ಚುರುಕಾದ್ವು. ಕರುಳ ನೀನ ಇಟಗೋ, ಮೀನ ಕೊಡು,” ಎಂದಳು.

ಹೊಂಡ ಬತ್ತಿಸಲು ನಾಲ್ಕು ದಿನ ಹಿಡಿಯಿತು. ಇರುವ ಮೀನುಗಳನ್ನೆಲ್ಲ ಹಿಡಿದು ನಾನೂ ಹೆಂಡತಿಯೂ ಒಂದೊಂದರ ಕರುಳು ತೆಗೆದೆವು. ಹುಳುವಿನ ವಿಷಯ ತಿಳಿಸಿದ ಮೇಲೂ ಒಯ್ಯುತ್ತೇವೆ ಎಂದವರಿಗೆ ಕೊಟ್ಟೆವು, ಉಳಿದದ್ದನ್ನು ಸುಣ್ಣದ ಜೊತೆ ಹೂಳಿದೆವು. ಕೊನೆಯ ಕೆಸರು ಎತ್ತಿದ ದಿನ ತಳದ ಹಾಳೆಯ ಮೇಲೆ ನಿಂತು ಸುತ್ತ ನೋಡಿದೆ. ಬರಿಗಣ್ಣಿಗೆ ಅಲ್ಲಿ ಏನೂ ಇರಲಿಲ್ಲ. ಅದೇ ನನ್ನನ್ನು ಹೆದರಿಸಿತು.

ಈಗ ನನ್ನಲ್ಲಿರುವುದು ಇಷ್ಟು. ಮತ್ತೆ ತುಂಬಿಸಿದ ಒಂದು ಹೊಂಡ, ಅದರಲ್ಲಿ ಆರುನೂರು ಮರಿ. ಎರಡು ಚಾಕು, ಒಂದು ಕತ್ತರಿ. ಮುಚ್ಚಳವಿರುವ ಒಂದು ಬಕೀಟು. ಕರುಳು ಹೂಳಲು ಹೊಲದ ಮೂಲೆಯಲ್ಲಿ ಮೂರು ಗುಂಡಿ, ಎರಡು ತುಂಬಿವೆ. ಏನೂ ಬರೆಯದ ಒಂದು ತಗಡಿನ ಹಲಗೆ. ಬಾಣದ ಗುರುತುಗಳಿರುವ ಒಂದು ಹಾಳೆ. ಶೀಶೆಯಲ್ಲಿ ಹನ್ನೊಂದು ಹುಳು. ಮೊದಲಿದ್ದ ಗಿರಾಕಿಗಳಲ್ಲಿ ಅರ್ಧ, ಅವರಲ್ಲಿ ಆಯಿ ಒಬ್ಬಳು.